ಮಗಳು ಬಾಂಬ್ ನಿಷ್ಕ್ರಿಯ ಮಾಡುವ ಆಫೀಸರ್ ಆಗ್ತೀನಿ ಅಂದರೆ

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇತ್ತೀಚೆಗೆ ಒಬ್ಬಳು ವಿದ್ಯಾರ್ಥಿನಿ, ಸೇನೆ ಸೇರಿ ಬಾಂಬ್ ನಿಷ್ಕ್ರಿಯ ಮಾಡುವ ಕೆಲಸಕ್ಕೆ ಹೋಗ್ತೀನಿ ಅಂದಳು. "ಸರ್, ನೀವಾದ್ರೂ ಅವಳಿಗೆ ಬುದ್ಧಿ ಹೇಳಿ" ಅಂತ ತಾಯಿ ಫೋನ್ ಮಾಡಿದರು. ಬೇಡ ಅಂತ ಹೇಳೋಕೆ ನನಗೆ ಮನಸ್ಸು ಬರಲಿಲ್ಲ.

ಕಾರವಾರದ ಕಡಲತೀರಕ್ಕೆ ಹೋದಾಗೆಲ್ಲ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆ ನೋಡುತ್ತೇವೆ. ಪರಮವೀರ ಚಕ್ರ ಸಿಕ್ಕಿತ್ತು ಅಂತ ಎಲ್ಲರಿಗೂ ಗೊತ್ತು. ಯಾಕೆ ಸಿಕ್ಕಿತು ಅಂದರೆ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ಕಾರವಾರ ಹತ್ತಿರದ ಚೆಂಡಿಯಾ ಮೂಲದ ರಾಣೆಯವರು ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿದ್ದರು. 1948ರ ಏಪ್ರಿಲ್‌ನಲ್ಲಿ, ಜಮ್ಮು-ಕಾಶ್ಮೀರದ ಯುದ್ಧದಲ್ಲಿ, ನೌಶೇರಾದಿಂದ ರಜೌರಿ ಕಡೆ ಹೊರಟ ಟ್ಯಾಂಕುಗಳಿಗೆ ದಾರಿ ಬಿಡಿಸಿದವರು ಅವರು. ಮೊದಲ ದಿನವೇ ಗಾಯವಾಯಿತು. ಆದರೂ ಟ್ಯಾಂಕಿನ ಅಡಿಯಲ್ಲೇ ತೆವಳಿಕೊಂಡು, ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಡುತ್ತಾ ಮುಂದೆ ಹೋದರು. ನೆಲಬಾಂಬ್ ತೆಗೆಯುವುದು ಅವರ ಕೆಲಸವಾಗಿತ್ತು. ಅಂಥವರ ಊರಿನವರು ನಾವು ಈ ಕೆಲಸದ ಹೆಸರು ಕೇಳಿದರೇ ಬೆಚ್ಚಿಬಿದ್ದರೆ ಹೇಗೆ?

ರಾಣೆಯವರು ಸಿಪಾಯಿಯಾಗಿ ಸೇರಿ ಅಧಿಕಾರಿಯಾದವರು. ಈಗ ಪಿಯುಸಿ ಮುಗಿಸಿದ ಮಕ್ಕಳಿಗೆ ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಲಿಖಿತ ಪರೀಕ್ಷೆಗೆ 900 ಅಂಕ, ಸೇನಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನಕ್ಕೂ ಅಷ್ಟೇ. ಹಾಗಾಗಿ ಬರೀ ಪುಸ್ತಕ ಓದಿದರೆ ಸಾಲದು. 2022ರಿಂದ ಹುಡುಗಿಯರಿಗೂ ಪ್ರವೇಶ ಇದೆ. ಪುಣೆ ಹತ್ತಿರದ ಖಡಕ್‌ವಾಸ್ಲಾದ ಅಕಾಡೆಮಿಯಲ್ಲಿ ಮೂರು ವರ್ಷ. ಭೂಸೇನೆಗೆ ಹೋಗುವವರಿಗೆ ಆಮೇಲೆ ಮತ್ತೆ ಒಂದು ವರ್ಷ ತರಬೇತಿ. ತರಬೇತಿಯ ಖರ್ಚು ಸರ್ಕಾರದ್ದು. ಇದನ್ನು ಮೀನುಗಾರರ ಮನೆಗಳಲ್ಲಿ, ಘಟ್ಟದ ಮೇಲಿನ ಸಣ್ಣ ತೋಟದವರ ಮನೆಗಳಲ್ಲಿ ಯಾರಾದರೂ ಕೂತು ಹೇಳಬೇಕು.

ಆದರೆ ಅವಳಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದೆ. ಎನ್‌ಡಿಎ ಅರ್ಜಿಯಲ್ಲಿ 'ಬಾಂಬ್ ನಿಷ್ಕ್ರಿಯ' ಅಂತ ಸೀಟು ಇರುವುದಿಲ್ಲ. ಸೇನೆಯಲ್ಲಿ ಈ ಕೆಲಸ ಹೆಚ್ಚಾಗಿ ಎಂಜಿನಿಯರ್ಸ್ ಕೋರ್‌ನದ್ದು. ಆ ಕೋರ್ ಸಿಗುವುದು ತರಬೇತಿಯ ಕೊನೆಗೆ, ನಿಮ್ಮ ಆಯ್ಕೆ, ಮೆರಿಟ್, ಖಾಲಿ ಜಾಗ ಎಲ್ಲ ಕೂಡಿಬಂದರೆ. ಸಿಕ್ಕರೂ ಸೇತುವೆ, ರಸ್ತೆ ಕಟ್ಟುವುದೂ ಅವರದೇ ಕೆಲಸ. ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮತ್ತೆ ಓದಬೇಕು. ಬಾಂಬ್ ಒಂದಕ್ಕೇ ಅಂತ ಹೋದರೆ ನಿರಾಸೆಯಾಗಬಹುದು. ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರ್ ಆಗಬೇಕು ಅಂತ ಹೋಗಲಿ.

ನೀರು ಇಷ್ಟಪಡುವ ಮಕ್ಕಳಿಗೆ ನೌಕಾಪಡೆ ಇದೆ. ನೀರಿನಡಿಯ ಸ್ಫೋಟಕ ನೋಡಿಕೊಳ್ಳುವುದು ಅಲ್ಲಿನ ಕ್ಲಿಯರೆನ್ಸ್ ಡೈವರ್‌ಗಳು. ನೌಕಾನೆಲೆ ಐಎನ್‌ಎಸ್ ಕದಂಬ ಇಲ್ಲೇ ಕಾರವಾರದಲ್ಲಿ ಇದ್ದರೂ ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ ಅನ್ನೋದು ನನಗೆ ಬೇಜಾರು.

ಅಪಾಯ ಇಲ್ಲ ಅಂತ ನಾನು ಯಾವ ತಾಯಿಗೂ ಹೇಳಲಾರೆ. ರೋಬೋ ಬಂದಿದೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ 'ದಕ್ಷ್' ದೂರದಿಂದಲೇ ಸ್ಫೋಟಕ ಎತ್ತುತ್ತದೆ. ಆದರೂ ಕೆಲವು ಸಲ ದಪ್ಪ ಸೂಟು ಹಾಕಿಕೊಂಡು ಮನುಷ್ಯನೇ ಹತ್ತಿರ ಹೋಗಬೇಕು. ಅಲ್ಲಿ ಹುಂಬ ಧೈರ್ಯ ನಡೆಯುವುದಿಲ್ಲ. ನನ್ನ ಈ ವಿದ್ಯಾರ್ಥಿನಿ ಲ್ಯಾಬಿನಲ್ಲಿ ಸರ್ಕ್ಯೂಟ್ ಎರಡೆರಡು ಸಲ ನೋಡದೆ ಸ್ವಿಚ್ ಒತ್ತುವವಳಲ್ಲ. ಅವಳ ತಾಯಿಗೆ ನಾನು ಹೇಳಿದ್ದೂ ಇದನ್ನೇ.

ಜಿಲ್ಲೆಯಲ್ಲಿ ನಿವೃತ್ತ ಸೈನಿಕರು, ಅಧಿಕಾರಿಗಳು ಇದ್ದೀರಿ. ದಯವಿಟ್ಟು ವರ್ಷಕ್ಕೊಂದು ದಿನ ಹತ್ತಿರದ ಪಿಯು ಕಾಲೇಜಿಗೆ ಬನ್ನಿ. ಸಿಇಟಿ, ನೀಟ್ ಬಗ್ಗೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಎನ್‌ಡಿಎ ಬಗ್ಗೆ ನೀವು ಹೇಳಿ.