ಅಜ್ಜಿಮನೆ ಸಾಕು ಮಾರಾಯ್ರೆ, ಬ್ರಾಂಚಿನ ಕತೆ ಹೇಳಿ

ಈಗಷ್ಟೇ ಮಂಗಳೂರಿನ ಹಂಪನಕಟ್ಟೆ ಕಡೆ ಒಂದು ಪುಸ್ತಕ ಬಿಡುಗಡೆ ಮುಗಿಸಿ ಬಂದೆ. ಅಂಗಿ ಕೂಡ ಬದಲಿಸಿಲ್ಲ. ನಾಳೆಗೆ ಇಟ್ಟರೆ ಸೌಜನ್ಯ ಅಡ್ಡ ಬರುತ್ತದೆ, ಮಂಡೆಬಿಸಿ ಇರುವಾಗಲೇ ಬರೆದುಬಿಡುತ್ತೇನೆ.

ಬರೆದವರು ನನ್ನ ಹಾಗೆಯೇ ಬ್ಯಾಂಕಿನವರು, 35 ವರ್ಷ ಸರ್ವಿಸು. "ಇದು ಕ್ರಿಯೇಟಿವ್ ನಾನ್‌ಫಿಕ್ಷನ್, ನಡೆದದ್ದನ್ನೇ ಕತೆಯ ಹಾಗೆ ಬರೆಯುವುದು, ಈಗ ಡಾಕ್ಟರು, ಇಂಜಿನಿಯರು, ಅಧಿಕಾರಿಗಳೆಲ್ಲ ಇದಕ್ಕೇ ಇಳಿದಿದ್ದಾರೆ" ಎಂದರು ಮುಖ್ಯ ಅತಿಥಿಗಳು. ಖುಷಿಯಾಗಿ ದುಡ್ಡು ಕೊಟ್ಟೇ ಒಂದು ಪ್ರತಿ ತೆಗೆದುಕೊಂಡೆ. (ಗೌರವ ಪ್ರತಿ ಕೊಡುತ್ತಿದ್ದರಂತೆ, ಆಮೇಲೆ ಗೊತ್ತಾಯಿತು.) ಭಾಷಣ ನಡೆಯುತ್ತಿರುವಾಗಲೇ ಪುಟ ತಿರುವಿದೆ. ಅಜ್ಜಿಮನೆ. ಹಲಸಿನ ಹಪ್ಪಳ. ಬಯಲಾಟ ನೋಡುತ್ತಾ ನಿದ್ದೆ ಹೋದದ್ದು. ಮಳೆಗೆ ಕೊಚ್ಚಿಹೋದ ತೋಡಿನ ಸಂಕ, ಅಂದರೆ ಕಾಲುಸೇತುವೆ. ಅಜ್ಜಿ ತೀರಿಕೊಂಡರು, ಪುಸ್ತಕ ಮುಗಿಯಿತು. ಬ್ಯಾಂಕು? ಬೆನ್ನುಪುಟದ ಪರಿಚಯದಲ್ಲಿ ಒಂದೂವರೆ ಸಾಲು.

ಆ 35 ವರ್ಷ ಎಲ್ಲಿ ಹೋಯಿತು ಸ್ವಾಮಿ?

ಐದು ಬ್ಯಾಂಕು ಹೆತ್ತ ಜಿಲ್ಲೆ ನಮ್ಮದು, ಉಡುಪಿಯೂ ಸೇರಿದ್ದ ಅವಿಭಜಿತ ದಕ್ಷಿಣ ಕನ್ನಡ. 1928ರಲ್ಲೇ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಕಟ್ಟಿಸಿಕೊಂಡವರು ಉಡುಪಿಯವರು. 2019ರಲ್ಲಿ ವಿಜಯಾ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಎರಡೂ ಒಂದೇ ದಿನ ಹೋದವು. ಬೋರ್ಡು ಇಳಿಸುವಾಗ ಒಳಗೆ ಕೂತಿದ್ದವರಿಗೆ ಏನಾಯಿತು ಎಂದು ಬರೆದ ಒಂದು ಅಧ್ಯಾಯ ನನ್ನ ಕೈಗೆ ಸಿಕ್ಕಿಲ್ಲ. ಹಪ್ಪಳದ ಪುಸ್ತಕ ಮಾತ್ರ ಈ ವರ್ಷ ಇದು ಮೂರನೆಯದು.

ಮಲ್ಪೆ ಕಡೆ ಕೆಲಸ ಮಾಡಿದವರನ್ನು ಕೇಳಿ. ಜೂನ್ 1ಕ್ಕೆ ಬೋಟು ದಕ್ಕೆಗೆ ಬಂದು ನಿಂತರೆ 61 ದಿನ ಮೀನುಗಾರಿಕೆಗೆ ನಿಷೇಧ, ಕಡಲಿಗೆ ಇಳಿಯುವ ಹಾಗಿಲ್ಲ. ಅದೇ ತಿಂಗಳು ಶಾಲೆಯ ಫೀಸು. ಆಗ ಬ್ಯಾಂಕಿಗೆ ಅಡವಿಗೆ ಬರಲು ಶುರುವಾಗುತ್ತದೆ ಚಿನ್ನ. ಬಳೆ, ಚೈನು, ಕೊನೆಗೆ ಕರಿಮಣಿ. ಸರಾಫರು ಉರೆಗಲ್ಲಿಗೆ ತಿಕ್ಕಿ, ತೂಗಿ, ಕಲ್ಲಿನ ತೂಕ ಕಳೆದು ಚೀಟಿ ಬರೆಯುವುದು. ಬಂಗಡೆ ಚೆನ್ನಾಗಿ ಬಿದ್ದ ವರ್ಷ ಚೌತಿ ಕಳೆಯುತ್ತಲೇ ಆ ಚಿನ್ನದ ಪೊಟ್ಟಣಗಳು ಮನೆಗೆ ವಾಪಸ್. ಬೀಳದಿದ್ದರೆ ಅಲ್ಲೇ ಕೂತಿರುತ್ತವೆ. ಮೀನಿನ ಸೀಸನ್ ಹೇಗಿದೆ ಎಂದು ತಿಳಿಯಲು ನಾವು ಪೇಪರು ನೋಡುತ್ತಿರಲಿಲ್ಲ, ಸೇಫಿನ ಪೊಟ್ಟಣ ಎಣಿಸಿದರೆ ಸಾಕಿತ್ತು. ಇದನ್ನು ಬಿಟ್ಟು ಹಪ್ಪಳ!

"ಗ್ರಾಹಕರ ಗುಟ್ಟು ಹೊರಗೆ ಹಾಕಬಾರದು, ಪೆನ್ಶನ್ ಬೇರೆ ಬರ್ತಾ ಉಂಟು" ಅಂತೀರಿ. ಹೆಸರು ಬರೆಯಿರಿ ಎಂದವರು ಯಾರು? "ಆಫೀಸಿನ ವಿಷಯ ಯಾರಿಗೆ ಬೇಕು" ಅಂತ ಇನ್ನೊಂದು. ಬಿಜಿಎಲ್ ಸ್ವಾಮಿಯವರು ಮದರಾಸಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರು. ಹುಡುಗರನ್ನು ಕಾಡಿಗೆ ಕರೆದುಕೊಂಡು ಹೋದದ್ದನ್ನೇ 'ಹಸುರು ಹೊನ್ನು' ಮಾಡಿದರು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಂತು. ನವರತ್ನ ರಾಮರಾಯರು ಅಮಲ್ದಾರಿಕೆಯ, ಅಂದರೆ ತಾಲೂಕಿನ ಅಧಿಕಾರ ನಡೆಸಿದ ಕಾಲದ, ಸಂಗತಿಗಳನ್ನು ಬರೆದದ್ದನ್ನು ಇವತ್ತಿಗೂ ಓದುತ್ತೇವೆ. ಇಂಗ್ಲಿಷಿನಿಂದ ಹೊಸ ಹೆಸರು ಬರಲಿ ಎಂದು ಅವರು ಕಾದು ಕೂತಿರಲಿಲ್ಲ.

ನನಗೆ ಅನಿಸುವುದು ಬೇರೆ. ಅಜ್ಜಿಮನೆಯಲ್ಲಿ ನಾವು ಆರು ವರ್ಷದ ಪಾಪದ ಮಕ್ಕಳು. ಕೌಂಟರಿನ ಹಿಂದೆ ಹಾಗಲ್ಲ.

ಒಂದು ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಮೀನು ಮಾರುವ ಹೆಂಗಸೊಬ್ಬರು ಕರಿಮಣಿ ಅಡವಿಟ್ಟು, "ಇನ್ನೊಂದು ಐನೂರು ಆಗ್ತದಾ ಸಾರ್?" ಎಂದು ಕೇಳಿದರು. ತಲೆ ಎತ್ತದೆ "ರೂಲ್ಸ್ ಇಲ್ಲಮ್ಮ" ಎಂದೆ. ಇತ್ತು. ಇನ್ನೂ ಸಾವಿರ ಕೊಡುವಷ್ಟು ತೂಕವೇ ಇತ್ತು. ಚೀಟಿ ಹರಿದು ಮತ್ತೆ ಬರೆಸಬೇಕಿತ್ತು, ನನಗೆ ಊಟಕ್ಕೆ ಹೊತ್ತಾಗಿತ್ತು. ಅವರು "ಆಯ್ತು ಸಾರ್" ಎಂದು ಕೊಡೆ ತೆಗೆದುಕೊಂಡು ಮಳೆಗೆ ಇಳಿದರು. ಆಮೇಲೆ ನಾನು ಊಟ ಮಾಡಿದೆ, ಎಂತ ಬೇಜಾರೂ ಆಗಲಿಲ್ಲ. ಬೇಜಾರಾಗಿದ್ದು ರಿಟೈರ್ ಆದಮೇಲೆ.

ಇಷ್ಟು ಹೊತ್ತು ಬೇರೆಯವರಿಗೆ ಬೈದೆನಲ್ಲ, ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಪುಸ್ತಕ ಉಂಟು. ಎರಡು ವರ್ಷದಿಂದ ಬರೆಯುತ್ತಿದ್ದೇನೆ, ಹನ್ನೊಂದು ಅಧ್ಯಾಯ ಆಗಿದೆ. ಬ್ಯಾಂಕು ಇನ್ನೂ ಬಂದಿಲ್ಲ. ಅಜ್ಜಿ ಇನ್ನೂ ತೀರಿಕೊಂಡಿಲ್ಲ.