ಈಗ ಯಾವ ಪುಟದಲ್ಲಿದ್ದೀರಿ?

ಕಳೆದ ವಾರ ಓದುವ ಹುಚ್ಚಿರುವ ಏಳೆಂಟು ಜನ ಒಂದೆಡೆ ಸೇರಿದ್ದೆವು. ಮಾತು ಶುರುವಾದದ್ದು ಓದುಗರು ಭೇಟಿಯಾದಾಗಲೆಲ್ಲ ಕೇಳಿಕೊಳ್ಳುವ ಆ ಎರಡು ಪ್ರಶ್ನೆಗಳಿಂದ. ಈಗ ಏನು ಓದ್ತಿದ್ದೀರಿ? ನಿಮ್ಮ ಇಷ್ಟದ ಲೇಖಕರು ಯಾರು? ಮುಕ್ಕಾಲು ಗಂಟೆ ಬರೀ ಹೆಸರುಗಳು. ಕಾಫ್ಕ, ಕಮೂ, ಮಾರ್ಕ್ವೆಜ್, ಭೈರಪ್ಪ, ಚಿತ್ತಾಲ, ಮುರಕಮಿ. ಒಬ್ಬರು ಹೇಳಿದ ಹೆಸರಿಗೆ ಇನ್ನೊಬ್ಬರು "ಹೌದು, ಅದ್ಭುತ" ಅಂದರು, ಮೂರನೆಯವರು ತಮ್ಮದೊಂದು ಹೆಸರು ಸೇರಿಸಿದರು. ಅಷ್ಟು ಹೊತ್ತು ಮಾತಾಡಿಯೂ ಯಾವೊಂದು ಪುಸ್ತಕದ ಹೊಸ್ತಿಲನ್ನೂ ನಾವು ದಾಟಿರಲಿಲ್ಲ.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಗೆಳತಿಯೊಬ್ಬಳು ಆಗ ಹೇಳಿದಳು: "ನಾನು ಅನ್ನಾ ಕರೆನಿನಾ ಓದ್ತಾ ಇದೀನಿ. ಲೆವಿನ್ ರೈತರ ಜೊತೆ ಹುಲ್ಲು ಕೊಯ್ಯೋಕೆ ಹೋಗ್ತಾನಲ್ಲ, ಅಲ್ಲಿದೀನಿ. ಮೂರು ದಿನದಿಂದ ಅಲ್ಲೇ ಇದೀನಿ. ಮುಂದೆ ಹೋಗೋಕೆ ಮನಸ್ಸೇ ಬರ್ತಿಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು. ಟಾಲ್‌ಸ್ಟಾಯ್ ಓದಿದವರಿಗೆ ಆ ಜಾಗ ಗೊತ್ತು. ಜಮೀನಿನ ಒಡೆಯ ಲೆವಿನ್ ಉದ್ದ ಹಿಡಿಯ ಕುಡುಗೋಲು ಹಿಡಿದು ರೈತರ ಸಾಲಿನಲ್ಲಿ ನಿಲ್ಲುತ್ತಾನೆ. ಮೊದಮೊದಲು ಕೈ ಕೂಡುವುದಿಲ್ಲ, ಬೆನ್ನು ಮುರಿದು ಹೋಗುತ್ತದೆ. ಆಮೇಲೆ ಯಾವಾಗಲೋ ಒಂದು ಗಳಿಗೆಯಲ್ಲಿ ತಾನು ಕೊಯ್ಯುತ್ತಿದ್ದೇನೆ ಅನ್ನುವುದೇ ಮರೆತು, ಕುಡುಗೋಲು ತಾನಾಗಿ ಬೀಸುತ್ತಿದೆ ಅನ್ನಿಸುತ್ತದೆ. ಪಕ್ಕದಲ್ಲೇ ಕೊಯ್ಯುತ್ತಿರುವ ಮುದುಕ ಹುಲ್ಲಿನ ನಡುವೆ ಅಣಬೆ ಕಂಡರೆ ಬಗ್ಗಿ ಎತ್ತಿ ಅಂಗಿಯೊಳಗೆ ಸೇರಿಸಿಕೊಳ್ಳುತ್ತಾನೆ, ಮನೆಯಲ್ಲಿರುವ ಮುದುಕಿಗೆಂದು. ಗೆಳತಿ ಹಿಡಿದು ನಿಂತಿದ್ದು ಆ ಅಣಬೆಯನ್ನು. "ಇಷ್ಟು ದೊಡ್ಡ ಕಾದಂಬರಿಯಲ್ಲಿ ಆ ಮುದುಕಿ ಒಂದು ಸಲವೂ ಎದುರಿಗೆ ಬರಲ್ಲ. ಆದ್ರೂ ಅವಳಿಗೆ ಅಣಬೆ ಹೋಗುತ್ತೆ" ಅಂದಳು. ಅಲ್ಲಿಂದ ಮುಂದೆ ಎರಡು ಗಂಟೆ ನಾವು ನಿಜವಾಗಿಯೂ ಮಾತಾಡಿದೆವು.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವ ಮಾತು ಇದು: "ಏನು ಓದ್ತಿದ್ದೀರಿ" ಅನ್ನುವ ಪ್ರಶ್ನೆಗೆ ನಾವು ಪುಸ್ತಕದ ಹೆಸರು ಹೇಳಿ ಕೈತೊಳೆದುಕೊಳ್ಳಬಾರದು. ಯಾವ ಪುಟದಲ್ಲಿದ್ದೇವೆ, ಅಲ್ಲಿ ಏನು ನಡೆಯುತ್ತಿದೆ, ಅದು ನಮ್ಮನ್ನು ಏನು ಮಾಡುತ್ತಿದೆ, ಅಷ್ಟನ್ನಾದರೂ ಹೇಳಬೇಕು. ಓದಿ ಮುಗಿಸಿದ ಪುಸ್ತಕದ ಬಗ್ಗೆ ಎಲ್ಲರ ಹತ್ತಿರವೂ ತಿದ್ದಿ ತೀಡಿದ ಅಭಿಪ್ರಾಯ ಇರುತ್ತದೆ. ಅರ್ಧದಲ್ಲಿರುವ ಪುಸ್ತಕದ ಬಗ್ಗೆ ಮಾತಾಡುವಾಗ ಮಾತ್ರ ನಮಗೂ ಮುಂದೇನೆಂದು ಗೊತ್ತಿರುವುದಿಲ್ಲ. ಆ ಗೊತ್ತಿಲ್ಲದಿರುವಿಕೆ ನನಗೆ ಬಹಳ ಇಷ್ಟ.

ಹಾಗಾದರೆ ನನ್ನ ಸರದಿ. ನಾನೀಗ 'ಮಲೆಗಳಲ್ಲಿ ಮದುಮಗಳು' ಓದುತ್ತಿದ್ದೇನೆ, ಮೂರನೆಯ ಸಲ. ಮೊದಲ ಸಲ ಕಾಲೇಜಿನ ದಿನಗಳಲ್ಲಿ ಓದಿದಾಗ ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಕಥೆಯ ಹಿಂದೆ ಓಡಿದ್ದೆ, ನಡುವೆ ಬರುವ ಕಾಡಿನ ವರ್ಣನೆಗಳನ್ನೆಲ್ಲ ಹಾರಿಸಿದ್ದೆ. ಎರಡನೆಯ ಸಲ ಚಿನ್ನಮ್ಮ ಮತ್ತು ಮುಕುಂದಯ್ಯರ ಜೊತೆಗಿದ್ದೆ. ಈ ಸಲ ಯಾಕೋ ನಾಯಿಯ ಹಿಂದೆ ಬಿದ್ದಿದ್ದೇನೆ. ಗುತ್ತಿಯ ಆ ನಾಯಿ, ಹುಲಿಯ ಅಂತ ಅದರ ಹೆಸರು, ಯಾವ ಪುಟದಲ್ಲಿ ಬಂತು, ಎಲ್ಲಿ ಕೂತಿತು, ಯಾರನ್ನು ಕಂಡು ಗುರುಗುಟ್ಟಿತು ಅಂತ ನೋಡುತ್ತಾ ಹೋಗುವಾಗ ಇಡೀ ಕಾದಂಬರಿಯ ನೆಲದ ವಾಸನೆಯೇ ಬೇರೆಯಾಗಿ ಬರುತ್ತಿದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಪುಸ್ತಕದ ಬಾಗಿಲಲ್ಲೇ ಬರೆದಿಟ್ಟಿದ್ದಾರೆ. ಎರಡು ಸಲ ಆ ಮಾತನ್ನು ಓದಿ ತಲೆದೂಗಿದ್ದೆ. ಅದು ನಾಯಿಗೂ ಸೇರಿಸಿ ಹೇಳಿದ್ದೆಂದು ಹೊಳೆದದ್ದು ಈಗ.

ಓದುತ್ತಾ ಒಂದು ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತೇನೆ. ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಸಿಂಬಾವಿ. ಯಾರು ಯಾವ ಮನೆಯವರು, ಯಾರಿಗೆ ಯಾರು ಏನಾಗಬೇಕು. ಇದೇ ಕೆಲಸವನ್ನು ನಾನು ಮಾರ್ಕ್ವೆಜ್‌ನ 'ಒಂದು ನೂರು ವರ್ಷಗಳ ಏಕಾಂತ' ಓದುವಾಗಲೂ ಮಾಡಿದ್ದೆ. ಅಲ್ಲಿ ಅಜ್ಜನಿಂದ ಮರಿಮಗನವರೆಗೆ ಅವೇ ಎರಡು ಹೆಸರು, ಹೊಸೆ ಅರ್ಕಾದಿಯೊ ಮತ್ತು ಔರೇಲಿಯಾನೊ. ಒಬ್ಬ ಕರ್ನಲ್‌ಗೆ ಔರೇಲಿಯಾನೊ ಹೆಸರಿನ ಮಕ್ಕಳೇ 17. ಈ ಎರಡೂ ಕಾದಂಬರಿಗಳು ಪ್ರಕಟವಾದದ್ದು ಒಂದೇ ವರ್ಷ, 1967ರಲ್ಲಿ. ಎರಡರಲ್ಲೂ ಕಥೆ ನೇರ ದಾರಿಯಲ್ಲಿ ನಡೆಯದೆ ಮರದ ಹಾಗೆ ಕೊಂಬೆ ಒಡೆಯುತ್ತದೆ, ಎರಡರಲ್ಲೂ ಓದುಗ ಒಮ್ಮೆಯಾದರೂ ದಾರಿ ತಪ್ಪಲೇಬೇಕು. ದಾರಿ ತಪ್ಪಿದ್ದಕ್ಕೆ ಎಷ್ಟೋ ಜನ ನಾಚಿಕೊಂಡು ಪುಸ್ತಕ ಮುಚ್ಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ಹಾಳೆ ಪೆನ್ನು ಇಟ್ಟುಕೊಳ್ಳಿ.

ಹಗಲು ಬಿಡುವು ಸಿಕ್ಕಾಗ ಚೆಕಾಫ್‌ನ ಕಥೆಗಳು. ದೊಡ್ಡ ಕಾದಂಬರಿಯ ಜೊತೆ ಸಣ್ಣ ಕಥೆಗಳನ್ನು ಇಟ್ಟುಕೊಳ್ಳುವುದು ನನ್ನ ಹಳೇ ಅಭ್ಯಾಸ. ಮೊನ್ನೆ ಮತ್ತೆ ಓದಿದ್ದು ಮಗನನ್ನು ಕಳೆದುಕೊಂಡ ಗಾಡಿಯವನ ಕಥೆ, 1886ರದ್ದು. ಹಿಮ ಬೀಳುವ ಸಂಜೆ ಅಯೋನಾ ತನ್ನ ಗಾಡಿ ಹತ್ತಿದವರಿಗೆಲ್ಲ ಮಗ ಸತ್ತ ಸುದ್ದಿ ಹೇಳಲು ನೋಡುತ್ತಾನೆ. ಒಬ್ಬರಿಗೂ ಕೇಳುವ ಪುರುಸೊತ್ತಿಲ್ಲ. ಕೊನೆಗೆ ಲಾಯದಲ್ಲಿ ಮೇವು ಮೆಲ್ಲುತ್ತಿರುವ ಕುದುರೆಗೆ ಎಲ್ಲವನ್ನೂ ಹೇಳುತ್ತಾನೆ. ಓದಿ ಮುಗಿಸಿ ಕೂತಾಗ ನನಗೆ ನೆನಪಾದವಳು ದೇವನೂರರ 'ಒಡಲಾಳ'ದ ಸಾಕವ್ವ, ಕಳೆದುಹೋದ ಹುಂಜ ಹುಡುಕುತ್ತಾ ಅಲೆಯುವ ಮುದುಕಿ. ಅಯೋನಾನಿಗೂ ಸಾಕವ್ವನಿಗೂ ಏನು ಸಂಬಂಧ? ಕಾಲ ಬೇರೆ, ನೆಲ ಬೇರೆ, ನೋವಿನ ಜಾತಿಯೇ ಬೇರೆ. ಆದರೆ ಎರಡನ್ನೂ ಓದಿದವರ ಎದೆಯೊಳಗೆ ಅವರಿಬ್ಬರೂ ನೆರೆಹೊರೆಯವರಾಗಿಬಿಡುತ್ತಾರೆ. ಇಂಥ ನೆರೆಹೊರೆ ಒಬ್ಬೊಬ್ಬ ಓದುಗನ ಒಳಗೆ ಒಂದೊಂದು ಥರ ಇರುತ್ತದೆ. ಅದನ್ನು ತಿಳಿಯುವ ಆಸೆಯಿಂದಲೇ ನಾನು ಸಿಕ್ಕಸಿಕ್ಕವರನ್ನು ಏನು ಓದ್ತಿದ್ದೀರಿ ಅಂತ ಕೇಳುತ್ತಿರುತ್ತೇನೆ.

ಇಷ್ಟದ ಲೇಖಕರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಗೌರವದ ಲೇಖಕರು ಬೇರೆ, ಪ್ರೀತಿಯ ಲೇಖಕರು ಬೇರೆ. ಹೆಸರು ಹೇಳುವಾಗ ನಮ್ಮ ಬಾಯಿಗೆ ಮೊದಲು ಬರುವುದು ಗೌರವದ ಪಟ್ಟಿ.

ನನ್ನ ಅಪ್ಪ ಹಾಸಿಗೆ ಹಿಡಿದಿದ್ದಾಗ ಆಸ್ಪತ್ರೆಯ ಕುರ್ಚಿಯಲ್ಲಿ ಐದು ವಾರ ಕಳೆದಿದ್ದೆ. ಚೀಲದಲ್ಲಿ ನಾಲ್ಕು ಪುಸ್ತಕ ಇದ್ದವು. ನಾನು ಎಲ್ಲರ ಮುಂದೆ ಹೊಗಳುವ ಪುಸ್ತಕಗಳೇ. ಒಂದು ಪುಟವೂ ಒಳಗೆ ಇಳಿಯಲಿಲ್ಲ, ಅಕ್ಷರಗಳು ಕಣ್ಣೆದುರು ಸುಮ್ಮನೆ ಹಾದುಹೋಗುತ್ತಿದ್ದವು. ತಂಗಿ ಮನೆಯಿಂದ ಬರುವಾಗ ಕೈಗೆ ಸಿಕ್ಕಿದ್ದೆಂದು ತೇಜಸ್ವಿಯವರ 'ಕರ್ವಾಲೊ' ತಂದಳು. ರಟ್ಟು ಹರಿದ, ನೂರು ಸಲ ಕೈ ಬದಲಾದ ಪ್ರತಿ. ಆ ರಾತ್ರಿ ಮಂದಣ್ಣನ ಜೊತೆ, ಪ್ಯಾರನ ಜೊತೆ, ಕಿವಿ ಅನ್ನುವ ಆ ನಾಯಿಯ ಜೊತೆ ನಾನು ಕಾಡು ಹೊಕ್ಕೆ. ಡ್ರಿಪ್ಪಿನ ಬಾಟಲಿ ನೋಡುತ್ತಾ, ನಾಲ್ಕು ಸಾಲು ಓದುತ್ತಾ, ಮತ್ತೆ ಬಾಟಲಿ ನೋಡುತ್ತಾ. ಹದಿನಾರನೇ ವಯಸ್ಸಿನಲ್ಲಿ ಮೊದಲು ಓದಿದಾಗ ಅದರ ಕೊನೆ ನನಗೆ ಸಿಟ್ಟು ತರಿಸಿತ್ತು. ಅಷ್ಟೆಲ್ಲ ಪಾಡುಪಟ್ಟು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಯ ಕಡೆಗೆ ತೇಲಿ ಹೋಗುತ್ತದಲ್ಲ, ಹಿಡಿಯಬಹುದಿತ್ತು ಅನ್ನಿಸಿತ್ತು. ಆ ಕುರ್ಚಿಯಲ್ಲಿ ಅದೇ ಪುಟಕ್ಕೆ ಬಂದಾಗ ಸಿಟ್ಟು ಬರಲಿಲ್ಲ. ಅಪ್ಪ ಮಲಗಿದ್ದರು, ಉಸಿರಾಟದ ಸದ್ದು ಕೇಳುತ್ತಿತ್ತು. ಪುಸ್ತಕ ಮಡಿಲಲ್ಲಿಟ್ಟುಕೊಂಡು ಬೆಳಗಾಗುವವರೆಗೆ ಹಾಗೇ ಕೂತಿದ್ದೆ.

ಅಂದಿನಿಂದ ಇಷ್ಟದ ಲೇಖಕರು ಯಾರು ಅಂದರೆ ತೇಜಸ್ವಿ ಅನ್ನುತ್ತೇನೆ. ಅವರೇ ಎಲ್ಲರಿಗಿಂತ ದೊಡ್ಡವರೋ ಅಲ್ಲವೋ ಎಂಬ ಚರ್ಚೆಗೆ ನಾನು ಬರುವುದಿಲ್ಲ. ಬೇರೆ ಯಾರನ್ನೂ ಓದಲಾಗದ ಹೊತ್ತಿನಲ್ಲಿ ಅವರನ್ನು ಓದಲು ಆಯಿತು.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನ್ನನ್ನು ಬಹಳ ನೋಯಿಸುತ್ತದೆ. ನನ್ನ ದೊಡ್ಡಮ್ಮನ ಮಗಳೊಬ್ಬಳಿದ್ದಾಳೆ, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ಏನಕ್ಕಾ ಓದ್ತಿದ್ದೀಯ ಅಂತ ಕೇಳಿದರೆ, "ನಿಮ್ಮ ಥರ ದೊಡ್ಡ ಪುಸ್ತಕ ಎಲ್ಲ ನಾನು ಓದಲ್ಲಪ್ಪ, ಸುಮ್ನೆ ತ್ರಿವೇಣಿ ಅವರದ್ದು" ಅಂದಳು. ಸುಮ್ನೆ! ತ್ರಿವೇಣಿ ತೀರಿಕೊಂಡಾಗ, 1963ರಲ್ಲಿ, ಅವರಿಗೆ ಇನ್ನೂ 35 ತುಂಬಿರಲಿಲ್ಲ. ಅಷ್ಟರೊಳಗೆ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನು, ಮನೆಯವರು ಮುಚ್ಚಿಡುವ ನೋವನ್ನು ಕಾದಂಬರಿಯ ನಡುಮನೆಗೆ ತಂದು ಕೂರಿಸಿದ್ದರು. ನಾನು ಕೆದಕಿದ ಮೇಲೆ ಅಕ್ಕ 'ಶರಪಂಜರ'ದ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ, ಆದರೆ ಮನೆಯವರ, ನೆರೆಯವರ ಕಣ್ಣಿನಲ್ಲಿ ಅವಳು ವಾಸಿಯಾಗುವುದೇ ಇಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. "ಕಾಯಿಲೆ ಬಂದಾಗಿನದಕ್ಕಿಂತ ವಾಸಿ ಆದ್ಮೇಲಿನ ಕಷ್ಟಾನೇ ದೊಡ್ಡದು ಕಣೋ" ಅಂದಳು ಅಕ್ಕ. ಆ ಕಾದಂಬರಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ನನಗೆ ಇಷ್ಟು ತಾಕಿರಲಿಲ್ಲ. ಇಂಥ ಓದುಗಾರ್ತಿ ನಮ್ಮೆದುರು ತನ್ನ ಪುಸ್ತಕದ ಹೆಸರು ಹೇಳಲು ಹಿಂಜರಿದರೆ ಅದು ನಮ್ಮ ತಪ್ಪು. ನಾವು ಹೆಸರುಗಳನ್ನು ಉರುಳಿಸುತ್ತಾ ಕೂತಿದ್ದಕ್ಕೇ ಅವಳಿಗೆ ತನ್ನ ಓದು ಸಣ್ಣದೆನ್ನಿಸಿದ್ದು.

ಲೆಕ್ಕದ ಹುಚ್ಚಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ವರ್ಷ ನಾನೂ 52 ಪುಸ್ತಕದ ಗುರಿ ಇಟ್ಟುಕೊಂಡಿದ್ದೆ. ಡಿಸೆಂಬರ್ ಬಂದಾಗ ಬೇಕಾದ ಪುಸ್ತಕ ಬಿಟ್ಟು ತೆಳ್ಳಗಿನ ಪುಸ್ತಕ ಆರಿಸತೊಡಗಿದೆ. ಗುರಿ ಮುಟ್ಟಿದೆ, ಅದರಲ್ಲಿ ಅರ್ಧಕ್ಕರ್ಧ ಈಗ ನೆನಪಿಲ್ಲ. 'ಯುದ್ಧ ಮತ್ತು ಶಾಂತಿ'ಯಲ್ಲಿ 361 ಅಧ್ಯಾಯಗಳಿವೆ, ದಿನಕ್ಕೊಂದರಂತೆ ವರ್ಷವಿಡೀ ಅದೊಂದನ್ನೇ ಓದುವ ಜನ ಇದ್ದಾರೆ. ಲೆಕ್ಕದ ಪಟ್ಟಿಯಲ್ಲಿ ಅವರದ್ದು ವರ್ಷಕ್ಕೆ ಒಂದು ಪುಸ್ತಕ. ಅವರ ಹತ್ತಿರ ಕೂತು ಮಾತಾಡಲು ನನಗೆ ಆಸೆ.

ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನೂ ಹೇಳಿಕೊಳ್ಳೋಣ. ಫ್ರೆಂಚ್ ಲೇಖಕ ಡ್ಯಾನಿಯಲ್ ಪೆನ್ನಾಕ್, ಬಹಳ ವರ್ಷ ಮೇಷ್ಟರಾಗಿದ್ದವರು, 1992ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಓದುಗರಿಗೆ ಹತ್ತು ಹಕ್ಕುಗಳನ್ನು ಕೊಟ್ಟರು. ಪುಟ ಹಾರಿಸುವ ಹಕ್ಕು ಅದರಲ್ಲಿದೆ, ಮುಗಿಸದೆ ಬಿಡುವ ಹಕ್ಕಿದೆ, ಮತ್ತೆ ಓದುವ ಹಕ್ಕಿದೆ. ಪ್ರೂಸ್ಟ್‌ನ ಏಳು ಸಂಪುಟಗಳ ಮಹಾಕಾದಂಬರಿಯ ಮೊದಲ ಸಂಪುಟದಲ್ಲೇ ನಾನು ಮೂರು ಸಲ ನಿಂತಿದ್ದೇನೆ. ತಾಯಿ ಬಂದು ಮುತ್ತು ಕೊಟ್ಟು ಹೋಗಲಿ ಎಂದು ಆ ಹುಡುಗ ರಾತ್ರಿ ಕಾಯುತ್ತಾನಲ್ಲ, ಅದನ್ನು ದಾಟಿ ಸ್ವಲ್ಪ ದೂರ ಹೋಗುತ್ತೇನೆ, ನಿಲ್ಲುತ್ತೇನೆ. ಪುಸ್ತಕ ಕಪಾಟಿಗೆ ಹಾಕಿಲ್ಲ, ಮೇಜಿನ ಮೇಲೇ ಇದೆ. ಪೆನ್ನಾಕ್ ಪಟ್ಟಿಯ ಹತ್ತನೆಯದು, ಓದಿದ್ದರ ಬಗ್ಗೆ ಏನೂ ಹೇಳದೆ ಸುಮ್ಮನಿರುವ ಹಕ್ಕು. ನಾನಿಲ್ಲಿ ಎಲ್ಲರನ್ನೂ ಮಾತಾಡಿ ಅನ್ನುತ್ತಿದ್ದೇನಾದರೂ ಆ ಹಕ್ಕನ್ನು ಪೂರಾ ಒಪ್ಪುತ್ತೇನೆ. ಕೆಲವು ಪುಸ್ತಕಗಳ ಬಗ್ಗೆ ನಾನು ಇವತ್ತಿಗೂ ಯಾರೊಡನೆಯೂ ಮಾತಾಡಿಲ್ಲ.

ಮಾತಾಡುವವರಲ್ಲಿ ಒಂದು ಕೋರಿಕೆ. ಅನುವಾದ ಓದುತ್ತಿದ್ದರೆ ಅನುವಾದಕರ ಹೆಸರನ್ನೂ ಹೇಳಿ. ಬಾನು ಮುಷ್ತಾಕ್ ಅವರ 12 ಕಥೆಗಳ 'ಹಾರ್ಟ್ ಲ್ಯಾಂಪ್' 2025ರ ಇಂಟರ್‌ನ್ಯಾಷನಲ್ ಬೂಕರ್ ಪಡೆದಾಗ ಬಹುಮಾನದ ಹಣ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಸಮ ಹಂಚಿಕೆಯಾಯಿತು, ಆ ಪ್ರಶಸ್ತಿಯ ನಿಯಮವೇ ಹಾಗೆ. ನಾನು ಚೆಕಾಫ್ ಚೆಕಾಫ್ ಎಂದು ಹೇಳಿಕೊಂಡು ತಿರುಗುವಾಗ ನಿಜಕ್ಕೂ ಓದಿದ್ದು ಕಾನ್‌ಸ್ಟನ್ಸ್ ಗಾರ್ನೆಟ್ ಬರೆದ ಇಂಗ್ಲಿಷ್ ವಾಕ್ಯಗಳನ್ನು. ಆಕೆ ರಷ್ಯನ್ ಸಾಹಿತ್ಯದ ಸುಮಾರು 70 ಸಂಪುಟಗಳನ್ನು ಇಂಗ್ಲಿಷಿಗೆ ತಂದವಳು. ಅಯೋನಾ ತನ್ನ ಕುದುರೆಗೆ ಹೇಳಿದ ಮಾತು ನನಗೆ ಕೇಳಿಸಿದ್ದು ಆಕೆಯ ದನಿಯಲ್ಲಿ. ಇಷ್ಟದ ಲೇಖಕರ ಪಟ್ಟಿಯಲ್ಲಿ ಆಕೆಯ ಹೆಸರನ್ನು ಒಂದು ದಿನವೂ ಹೇಳಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಈಗ ನಿಮ್ಮ ಸರದಿ. ಪಟ್ಟಿ ಬೇಡ, ಒಂದೇ ಪುಸ್ತಕ ಸಾಕು. ಯಾವ ಪುಟದಲ್ಲಿದ್ದೀರಿ, ಅಲ್ಲಿ ಯಾರಿದ್ದಾರೆ, ಮಳೆಯೋ ಬಿಸಿಲೋ, ಅಷ್ಟು ಬರೆಯಿರಿ.

ನನ್ನ ಕಾದಂಬರಿ ಮುಗಿಯಲು ಇನ್ನು ಕೆಲವೇ ಪುಟಗಳಿವೆ. ಹುಲಿಯ ಗುತ್ತಿಯ ಜೊತೆಗೇ ಇದೆ. ಮುಂದೆ ಹೊಳೆ ಬರುತ್ತದೆಂದು ಓದಿದವರಿಗೆಲ್ಲ ಗೊತ್ತು. ಇವತ್ತು ರಾತ್ರಿ ಅಲ್ಲಿಯವರೆಗೆ ಹೋಗುವುದಿಲ್ಲ, ಈ ದಡದಲ್ಲೇ ಗುರುತಿನ ಚೀಟಿ ಇಟ್ಟು ಪುಸ್ತಕ ಮುಚ್ಚಿದ್ದೇನೆ.