ಮೇಲ ಅಂದರೆ ಮೇಲಲ್ಲ, ಪಡುವಣ

ಕನ್ನಡಿಗರಿಗೆ ತಮಿಳು ಅರ್ಧ ಅರ್ಥವಾಗುತ್ತದೆ. ತೊಂದರೆ ಇರುವುದೇ ಅಲ್ಲಿ. ಏನೂ ಬಾರದವರು ನಾಲ್ಕು ಜನರನ್ನು ಕೇಳಿ ಸರಿಯಾದ ಜಾಗ ಸೇರುತ್ತಾರೆ. ಅರ್ಧ ಬರುವವರು ‘ಗೊತ್ತಾಯ್ತು, ಗೊತ್ತಾಯ್ತು’ ಎಂದು ತಲೆಯಾಡಿಸಿ, ಮಧ್ಯಾಹ್ನ 12.30ಕ್ಕೆ ಮಧುರೈನ ಯಾವುದೋ ಗೋಪುರದ ಮುಂದೆ ಬರಿಗಾಲಲ್ಲಿ ಕುಣಿಯುತ್ತಿರುತ್ತಾರೆ.

ಮೈಸೂರು–ತೂತುಕುಡಿ ರೈಲಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಇಳಿದರೆ ಮೀನಾಕ್ಷಿ ಗುಡಿ ಸುಮಾರು ಒಂದು ಕಿಲೋಮೀಟರು. ಕೇಳಿದರೆ ‘ಪಕ್ಕತ್ತುಲದಾನ್’ ಅನ್ನುತ್ತಾರೆ. ನಮ್ಮ ಪಕ್ಕ ಅಂದರೆ ಮೊಣಕೈ ತಗಲುವಷ್ಟು. ಅವರ ಪಕ್ಕ ಅಂದರೆ ಹತ್ತಿರ, ಅಷ್ಟೇ. ಟ್ರಾಲಿ ಬ್ಯಾಗು ಎಳೆದುಕೊಂಡು ಹೊರಟವರಿಗೆ ಟೌನ್‌ಹಾಲ್ ರಸ್ತೆ ಮುಗಿಯುವಷ್ಟರಲ್ಲಿ ಈ ವ್ಯಾಕರಣ ಮನದಟ್ಟಾಗುತ್ತದೆ.

ಊರಿನ ನಕ್ಷೆ ಸುಲಭ. ಗುಡಿ ನಡುವೆ, ಸುತ್ತ ಚೌಕದೊಳಗೆ ಚೌಕದ ಹಾಗೆ ಬೀದಿಗಳು. ಗೋಡೆಯ ಒಳಗೆ ಆಡಿ ಬೀದಿ, ಹೊರಗೆ ಚಿತ್ತಿರೈ, ಆಮೇಲೆ ಆವಣಿ ಮೂಲ, ಮಾಸಿ, ಕೊನೆಗೆ ವೆಳಿ, ಅಂದರೆ ಹೊರಬೀದಿ. ಆಷಾಢ, ಚೈತ್ರ, ಶ್ರಾವಣ, ಮಾಘ ಎಂದು ತಿಂಗಳ ಹೆಸರು ಹಿಡಿದು ನಡೆದರಾಯಿತು. ಆದರೆ ಪ್ರತಿ ಬೀದಿಗೂ ನಾಲ್ಕು ದಿಕ್ಕು. ‘ಮೇಲ ಮಾಸಿ ವೀದಿ’ ಎಂದಾಗ ನಮ್ಮವರು ಏರು ಹುಡುಕುತ್ತಾರೆ, ‘ಕೀಳ’ ಎಂದರೆ ಇಳಿಜಾರು. ಮೇಲ ಅಂದರೆ ಪಡುವಣ, ಕೀಳ ಅಂದರೆ ಮೂಡಣ. ತಮಿಳು ನೆಲ ಪಶ್ಚಿಮದ ಬೆಟ್ಟಗಳಿಂದ ಪೂರ್ವದ ಕಡಲಿಗೆ ಇಳಿಯುತ್ತದೆ, ದಿಕ್ಕಿನ ಹೆಸರೂ ಅದರ ಜೊತೆಗೇ ಇಳಿದಿದೆ. ಇನ್ನೆರಡು ನಮಗೆ ಪುಕ್ಕಟೆ: ತೆರ್ಕು ನಮ್ಮ ತೆಂಕು, ವಡಕ್ಕು ನಮ್ಮ ಬಡಗು. ಯಕ್ಷಗಾನ ನೋಡಿದವರು ಅರ್ಧ ಮಧುರೈ ದಾಟಿದಂತೆ.

ಬಡಗಿನ ಗೋಪುರಕ್ಕೆ ಊರವರ ಹೆಸರು ‘ಮೊಟ್ಟೈ ಗೋಪುರಂ’. ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಮೊಟ್ಟೈ ಅಂದರೆ ಬೋಳು. ಬಹುಕಾಲ ತುದಿಯಿಲ್ಲದೆ ನಿಂತಿತ್ತು, ಈಗಲೂ ಮೈಮೇಲೆ ಗೊಂಬೆಗಳು ಕಡಿಮೆ. ಎಲ್ಲಕ್ಕಿಂತ ಎತ್ತರದ್ದು ತೆಂಕಣದ್ದು, ಸುಮಾರು 170 ಅಡಿ. ಒಟ್ಟು ಗೋಪುರ 14. ಆದ್ದರಿಂದ ‘ಬಣ್ಣದ ಗೊಂಬೆಗಳಿದ್ದ ಗೋಪುರದ ಹತ್ತಿರ ಚಪ್ಪಲಿ ಬಿಟ್ಟಿದ್ದೆವು’ ಎಂಬ ಗುರುತು ಯಾವ ಪ್ರಯೋಜನಕ್ಕೂ ಬಾರದು.

ಚಪ್ಪಲಿಯ ಲೆಕ್ಕ ಹೀಗೆ. ನಿಲ್ದಾಣದ ಕಡೆಯಿಂದ ಬಂದವರು ಪಡುವಣದಲ್ಲಿ ಬಿಡುತ್ತಾರೆ. ದರ್ಶನದ ಸಾಲು ತಿರುಗಿಸಿ ತಿರುಗಿಸಿ ದಿಕ್ಕು ಮರೆಸುತ್ತದೆ. ಜನ ಹೋದ ಕಡೆ ಹೋದರೆ ಮೂಡಣದಲ್ಲಿ ಹೊರಬೀಳುತ್ತೀರಿ. ಹೊರಗೋಡೆ ಒಂದು ಬದಿಗೆ ಸುಮಾರು 254 ಮೀಟರು, ಇನ್ನೊಂದು ಬದಿಗೆ 237 ಮೀಟರು. ಅರ್ಧ ಸುತ್ತು ಅಂದರೆ ಅರ್ಧ ಕಿಲೋಮೀಟರು, ಕಾದ ಕಲ್ಲಿನ ಮೇಲೆ. ಮೊದಲ ಹತ್ತು ಹೆಜ್ಜೆ ಗಾಂಭೀರ್ಯದಿಂದ, ಮುಂದಿನ ಹತ್ತು ಹಿಮ್ಮಡಿ ಎತ್ತಿಕೊಂಡು, ಆಮೇಲೆ ಯಾರದೋ ಸೈಕಲ್ಲಿನ ನೆರಳಿನಿಂದ ಇನ್ಯಾರದೋ ಛತ್ರಿಯ ನೆರಳಿಗೆ ನೆಗೆತ. ಗುಡಿ ಮಧ್ಯಾಹ್ನ 12.30ರ ಸುಮಾರಿಗೆ ಮುಚ್ಚಿ 4ಕ್ಕೆ ತೆರೆಯುವುದರಿಂದ, ಟಿಫಿನ್ ಮುಗಿಸಿ ನಿಧಾನಕ್ಕೆ ಬಂದವರೆಲ್ಲ ಹೊರಬೀಳುವುದು ಸರಿಯಾಗಿ ಬಿಸಿಲು ನೆತ್ತಿಗೇರಿದಾಗಲೇ. ಬೆಳಿಗ್ಗೆ 5ಕ್ಕೇ ಬಾಗಿಲು ತೆರೆಯುತ್ತದೆ, ಕಲ್ಲೂ ಆಗ ತಣ್ಣಗಿರುತ್ತದೆ. ಆದರೆ ಪ್ರವಾಸದಲ್ಲಿ ಅಷ್ಟು ಹೊತ್ತಿಗೆ ಏಳುವುದು ಮನೆಯ ಅಜ್ಜಿ ಒಬ್ಬರೇ.

ಫೋನಂತೂ ಒಳಗೆ ಇಲ್ಲ, 2018ರಿಂದ ನಿಷೇಧ. ಕೌಂಟರಿನಲ್ಲಿ ಕೊಟ್ಟು ಟೋಕನ್ ಪಡೆದ ಮೇಲೆ ಎರಡು ವಿಷಯ ಹೊಳೆಯುತ್ತವೆ: ಜೇಬಿನಲ್ಲಿ ನೋಟೇ ಇಲ್ಲ, ಗಂಡನ ನಂಬರೂ ಬಾಯಿಗೆ ಬರುವುದಿಲ್ಲ. ಪ್ರಸಾದಕ್ಕೆ ಚಿಲ್ಲರೆ, ಚೀಟಿಯಲ್ಲಿ ನಂಬರು, ಇಷ್ಟು ಮೊದಲೇ ಇರಲಿ. ತಪ್ಪಿಸಿಕೊಂಡರೆ ‘ಆ ಕಂಬದ ಹತ್ತಿರ ಸಿಗೋಣ’ ಎಂದು ಮಾತ್ರ ಹೇಳಬೇಡಿ. ಸಾವಿರ ಕಂಬದ ಮಂಟಪವೊಂದರಲ್ಲೇ 985 ಇವೆ. ಮೀನಾಕ್ಷಿಯಿಂದ ಅವಳ ಗಂಡ ಸುಂದರೇಶ್ವರನ ಕಡೆ ಹೋಗುವಾಗ ಎದುರಾಗುವ ಮುಕ್ಕುರುಣಿ ವಿನಾಯಕನೇ ಒಳ್ಳೆಯ ಗುರುತು. ಚೌತಿಗೆ ಮೂರು ಕುರುಣಿ ಅಕ್ಕಿಯ ಒಂದೇ ಮೋದಕ ತಿನ್ನುವ ಆಳು, ಕಣ್ಣಿಗೆ ಬೀಳದೆ ಇರುವುದಿಲ್ಲ. ಕುರುಣಿ ಅಂದರೆ ನಮ್ಮ ಕೊಳಗದಂಥ ಒಂದು ಅಳತೆ.

ಸುಟ್ಟ ಕಾಲಿಗೆ ಮದ್ದಿಲ್ಲ, ಹೊಟ್ಟೆಗೆ ಜಿಗರ್‌ಥಂಡಾ ಇದೆ: ಬತ್ತಿಸಿದ ಹಾಲು, ಸೊಗದೆ ಬೇರಿನ ಶರಬತ್ತು, ಲೋಳೆಲೋಳೆಯಾಗಿ ನೆನೆದ ಬಾದಾಮಿ ಗೋಂದು, ಮೇಲೊಂದು ಉಂಡೆ ಐಸ್‌ಕ್ರೀಮು. ಸ್ಟ್ರಾ ಹಾಕಿ ಹೀರಬೇಡಿ, ಗೋಂದು ನಡುವೆ ಸಿಕ್ಕಿ ಕೆನ್ನೆ ಒಳಕ್ಕೆ ಹೋಗುತ್ತದೆ. ಚಮಚ ಕೇಳಿ.

ರಾತ್ರಿ ಒಂಬತ್ತು ದಾಟಿದ ಮೇಲೆ ಮತ್ತೆ ಹೋಗಿ, ಕಲ್ಲು ಆರಿರುತ್ತದೆ. ಸುಂದರೇಶ್ವರ ಮೀನಾಕ್ಷಿಯ ಪಳ್ಳಿಯರೆಗೆ, ಅಂದರೆ ಮಲಗುವ ಕೋಣೆಗೆ, ಬರುವ ಹೊತ್ತದು. ಪಲ್ಲಕ್ಕಿಯಲ್ಲಿ ಬರುವುದು ಅವನ ಪಾದುಕೆ. ವಾದ್ಯ, ಧೂಪ, ಚಾಮರದೊಂದಿಗೆ ನೇರ ಸರಿಯಾದ ಬಾಗಿಲಿಗೇ ಬಂದು ಸೇರುತ್ತದೆ, ಟೋಕನ್ ಇಲ್ಲದೆ.